ಯಾವ ಗೆಲುವು ದೊಡ್ಡದು?

ಬಾಕ್ಸಿಂಗ್ ಎಂಬ ಮುಷ್ಟಿಯುದ್ಧದ ವಿಷಯವಾಗಿ ಮಾತನಾಡಲು ಕನ್ನಡದ ಮೇಷ್ಟರೊಬ್ಬನಿಗೆ ಏನು ಅಧಿಕಾರ ಎಂದು ಕೇಳುಗರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಕೈಗವಸು ತೊಟ್ಟು ಕಣಕ್ಕಿಳಿದವನು ನಾನಲ್ಲ. ಆದರೆ ಹೈಸ್ಕೂಲಿನ ದಿನಗಳಿಂದ ಈ ಆಟವನ್ನು ಕುರಿತು ನನ್ನ ಅಣ್ಣನೊಡನೆ ವಾದ ಮಾಡುತ್ತ ಬೆಳೆದವನು. ಮಹಮ್ಮದ್ ಅಲಿ 1974ರ ಅಕ್ಟೋಬರ್ 30ರಂದು ಜಾರ್ಜ್ ಫೋರ್ಮನ್ನನನ್ನು ಕೆಡವಿದ ಸುದ್ದಿಯನ್ನು ಊರಿನ ವಾಚನಾಲಯದಲ್ಲಿ ಇಬ್ಬರೂ ಒಂದೇ ಪತ್ರಿಕೆಯ ಮೇಲೆ ಬಾಗಿ ಓದಿದೆವು. ಅಂದು ಮೊದಲಾದ ವಾದ ಬಹುಕಾಲ ನಡೆಯಿತು. ಒಬ್ಬ ಮುಷ್ಟಿಮಲ್ಲನ ಜೀವಮಾನದ ಅತ್ಯುತ್ತಮ ಗೆಲುವು ಯಾವುದು, ಅದನ್ನು ನಿರ್ಣಯಿಸುವ ಬಗೆ ಹೇಗೆ ಎಂಬುದೇ ಆ ವಾದದ ತಿರುಳು.

ಈ ಪ್ರಶ್ನೆಗೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಒಂದು ಉತ್ತರವಿದೆ. ಶತ್ರುವಿನ ಕುಲ, ಪರಾಕ್ರಮ, ವಿದ್ಯೆಗಳನ್ನು ಮೊದಲು ಕೊಂಡಾಡಿ, ಅಂಥವನನ್ನೂ ನಾಯಕನು ಗೆದ್ದನೆಂದು ಹೇಳಿದರೆ ನಾಯಕನ ಹಿರಿಮೆ ಹೆಚ್ಚುತ್ತದೆ ಎಂಬುದು ದಂಡಿಯ ಮತ. ರನ್ನನು 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ಅಷ್ಟು ಎತ್ತರಕ್ಕೆ ಏರಿಸದಿದ್ದರೆ ಭೀಮನ ಗೆಲುವಿಗೆ ತೂಕ ಬರುತ್ತಿರಲಿಲ್ಲ. ಗೆದ್ದವನ ಅಳತೆಗೋಲು ಸೋತವನೇ. ಮುಷ್ಟಿಯುದ್ಧಕ್ಕೂ ಈ ಮಾತು ಸಲ್ಲುತ್ತದೆ.

ಇದನ್ನು ಮರೆತರೆ ಒಳ್ಳೆಯ ಪ್ರದರ್ಶನವನ್ನೇ ದೊಡ್ಡ ಗೆಲುವೆಂದು ಭ್ರಮಿಸುವ ಅಪಾಯವುಂಟು. 1966ರ ನವೆಂಬರ್‌ನಲ್ಲಿ ಹ್ಯೂಸ್ಟನ್ ನಗರದಲ್ಲಿ ಅಲಿಯು ಕ್ಲೀವ್‌ಲೆಂಡ್ ವಿಲಿಯಮ್ಸ್ ಎಂಬುವನನ್ನು ಮೂರೇ ಸುತ್ತುಗಳಲ್ಲಿ ಮುಗಿಸಿದ. ಆ ಪಾದಗಳ ಚಲನೆ, ಆ ಕೈಗಳ ವೇಗ ಇವುಗಳನ್ನು ನೋಡಿದ ಅನೇಕರು ಅಲಿ ಅದಕ್ಕಿಂತ ಚೆನ್ನಾಗಿ ಎಂದೂ ಆಡಲಿಲ್ಲ ಎನ್ನುತ್ತಾರೆ. ಅದು ನಿಜವಿರಬಹುದು. ಆದರೆ ಎದುರಿಗೆ ನಿಂತವನು ಎರಡು ವರ್ಷಗಳ ಹಿಂದೆ ಪೊಲೀಸನೊಬ್ಬನ ಗುಂಡೇಟಿಗೆ ಸಿಕ್ಕಿ, ಒಂದು ಮೂತ್ರಪಿಂಡವನ್ನೇ ಕಳೆದುಕೊಂಡು ಬದುಕುಳಿದವನು. ಅಂಥವನ ಮೇಲಿನ ಜಯ ಕಣ್ಣಿಗೆ ಹಬ್ಬವಾದೀತು, ಜೀವಮಾನದ ಗೆಲುವಾಗಲಾರದು.

ಆದುದರಿಂದ ಎದುರಾಳಿಯ ಹೆಸರನ್ನಲ್ಲ, ಆ ದಿನ, ಆ ಗಳಿಗೆಯಲ್ಲಿ ಅವನಿಗಿದ್ದ ಶಕ್ತಿಯನ್ನು ನೋಡಬೇಕು. ಇದು ಮೊದಲನೆಯ ಒರೆಗಲ್ಲು. ಗೆದ್ದವನು ಯಾವ ಪರಿಸ್ಥಿತಿಯಲ್ಲಿದ್ದ ಎಂಬುದು ಎರಡನೆಯದು. ಯಾವ ಉಪಾಯದಿಂದ ಗೆದ್ದ ಎಂಬುದು ಮೂರನೆಯದು.

ಜೋ ಲೂಯಿಸ್‌ನ ಉದಾಹರಣೆಯನ್ನು ತೆಗೆದುಕೊಳ್ಳೋಣ. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದ್ದ. ಮರುವರ್ಷ ಲೂಯಿಸ್ ವಿಶ್ವವಿಜೇತನಾದರೂ ಆ ಸೋಲು ಅವನನ್ನು ಕುಟುಕುತ್ತಲೇ ಇತ್ತು. 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಇಬ್ಬರೂ ಮತ್ತೆ ಎದುರಾದರು. ಹಿಟ್ಲರನ ಜನಾಂಗವಾದ ಜಗತ್ತನ್ನು ನಡುಗಿಸುತ್ತಿದ್ದ ಕಾಲ ಅದು. ಕಪ್ಪು ಜನಾಂಗದ ತರುಣನೊಬ್ಬನ ಮುಷ್ಟಿಯ ಮೇಲೆ ಇಡೀ ಅಮೆರಿಕದ ಮಾನ ನಿಂತಿತ್ತು. ಎರಡು ನಿಮಿಷ ನಾಲ್ಕು ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯಿತು. ತನ್ನನ್ನು ಸೋಲಿಸಿದವನನ್ನೇ, ಲೋಕವೆಲ್ಲ ಕಿವಿಗೊಟ್ಟಿದ್ದ ಹೊತ್ತಿನಲ್ಲಿ, ಸಂಶಯಕ್ಕೆ ಎಡೆಯಿಲ್ಲದಂತೆ ಗೆದ್ದ ಕಾರಣ ಲೂಯಿಸ್‌ನ ಮಟ್ಟಿಗೆ ವಾದವೇ ಏಳುವುದಿಲ್ಲ. ಒಂದು ಮಾತನ್ನು ಮಾತ್ರ ಸೇರಿಸಬೇಕು. ಶ್ಮೆಲಿಂಗ್ ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಯೆಹೂದಿಗಳ ಮೇಲೆ ದಾಳಿ ನಡೆದಾಗ ಇಬ್ಬರು ಯೆಹೂದಿ ಬಾಲಕರನ್ನು ತನ್ನ ಕೊಠಡಿಯಲ್ಲಿ ಬಚ್ಚಿಟ್ಟು ಕಾಪಾಡಿದ. ಮುಂದೆ ಅವನೂ ಲೂಯಿಸನೂ ಸ್ನೇಹಿತರಾದರು. ಜನ ಕಟ್ಟಿಕೊಂಡ ಖಳನಾಯಕನೂ ನಿಜವಾದ ಮನುಷ್ಯನೂ ಬೇರೆಬೇರೆಯಾಗಿರಬಹುದು.

ಇನ್ನು ಅಲಿಯ ವಿಷಯ. 1964ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಇನ್ನೂ ಕ್ಯಾಸಿಯಸ್ ಕ್ಲೇ ಎಂಬ ಹೆಸರಿನಲ್ಲಿದ್ದಾಗ ಆತ ಸನ್ನಿ ಲಿಸ್ಟನ್‌ನನ್ನು ಗೆದ್ದ. ಆದರೆ ಲಿಸ್ಟನ್ ಭುಜದ ನೋವೆಂದು ಏಳನೆಯ ಸುತ್ತಿಗೆ ಪೀಠದಿಂದ ಏಳಲೇ ಇಲ್ಲವಾಗಿ ಆ ಗೆಲುವಿಗೆ ಸಂಶಯದ ಮಸಿ ಸ್ವಲ್ಪ ತಗುಲಿಯೇ ಇದೆ. ಅಣ್ಣನ ಪಕ್ಷ ಜಯೀರ್‌ನ ಕಿನ್ಷಾಸಾ ನಗರದ್ದು. ಅಲ್ಲಿ ಎದುರಾದ ಫೋರ್ಮನ್ನನಿಗೆ ಇಪ್ಪತ್ತೈದು ವರ್ಷ. ನಲವತ್ತು ಪಂದ್ಯಗಳಲ್ಲಿ ನಲವತ್ತನ್ನೂ ಗೆದ್ದವನು, ಅವುಗಳಲ್ಲಿ ಮೂವತ್ತೇಳರಲ್ಲಿ ಎದುರಾಳಿ ಕೊನೆಯವರೆಗೆ ನಿಲ್ಲಲಾರದೆ ಹೋಗಿದ್ದ. ಅಲಿಯನ್ನು ಸೋಲಿಸಿದ್ದ ಜೋ ಫ್ರೇಜಿಯರ್, ಕೆನ್ ನಾರ್ಟನ್ ಇಬ್ಬರನ್ನೂ ಎರಡೆರಡೇ ಸುತ್ತುಗಳಲ್ಲಿ ಮುಗಿಸಿದ್ದ. ಅಲಿಗೋ ಮೂವತ್ತೆರಡು ವರ್ಷ. ವಿಯೆಟ್ನಾಂ ಯುದ್ಧಕ್ಕೆ ಸೈನಿಕನಾಗಿ ಹೋಗಲು ನಿರಾಕರಿಸಿದ್ದಕ್ಕಾಗಿ 1967ರಲ್ಲಿ ಪಟ್ಟ ಕಳೆದುಕೊಂಡು, ಮೂರೂವರೆ ವರ್ಷ ಕಣದಿಂದ ಹೊರಗಿದ್ದು, ಯೌವನದ ಅತ್ಯುತ್ತಮ ಕಾಲವನ್ನು ತೆತ್ತವನು.

ಉಪಾಯವೂ ಅಸಾಧಾರಣವಾಗಿತ್ತು. ಮೊದಲ ಸುತ್ತಿನಲ್ಲಿ ಅಲಿ ಬಲಗೈಯಿಂದಲೇ ನೇರವಾಗಿ ಗುದ್ದಿದ. ಹಿಂದಿರುವ ಕೈ ದೂರದಿಂದ ಬರಬೇಕಾದ್ದರಿಂದ ನುರಿತವರು ಅದನ್ನು ಮೊದಲು ಬೀಸುವುದು ವಿರಳ. ಅದರಿಂದ ಫೋರ್ಮನ್ ಕೆರಳಿದ. ಎರಡನೆಯ ಸುತ್ತಿನಿಂದ ಅಲಿ ಕಣದ ಹಗ್ಗಗಳಿಗೆ ಒರಗಿ, ತೋಳುಗಳಿಂದ ಮುಖ ಮುಚ್ಚಿ ನಿಂತ. ಫೋರ್ಮನ್ನನ ಭೀಕರವಾದ ಗುದ್ದುಗಳು ತೋಳುಗಳ ಮೇಲೆ, ಪಕ್ಕೆಗಳ ಮೇಲೆ ಬಿದ್ದವು. ಅವುಗಳ ಬಲದ ಒಂದು ಪಾಲನ್ನು ಹಗ್ಗ ಹೀರಿಕೊಂಡಿತು. ಆಫ್ರಿಕದ ಸೆಕೆಯಲ್ಲಿ, ಬೆಳಗಿನ ಜಾವದ ಆ ಕಾಳಗದಲ್ಲಿ, ಹೊಡೆಯುವವನೇ ದಣಿದ. ಎಂಟನೆಯ ಸುತ್ತಿನ ಕೊನೆಯಲ್ಲಿ ಅಲಿ ಹಗ್ಗ ಬಿಟ್ಟು ಸಿಡಿದ, ಫೋರ್ಮನ್ ಉರುಳಿದ. ಶತ್ರುವಿನ ಬಲವನ್ನೇ ಶತ್ರುವಿನ ವಿನಾಶಕ್ಕೆ ಬಳಸಿದ ಉಪಾಯ ಅದು.

ಇಲ್ಲಿ ಇನ್ನೊಂದು ತತ್ತ್ವವೂ ಸ್ಪಷ್ಟವಾಗುತ್ತದೆ. ಫ್ರೇಜಿಯರ್ ಅಲಿಯನ್ನು ಗೆದ್ದ, ಫೋರ್ಮನ್ ಫ್ರೇಜಿಯರನನ್ನು ಗೆದ್ದ, ಆದುದರಿಂದ ಫೋರ್ಮನ್ ಅಲಿಯನ್ನು ಗೆಲ್ಲಲೇಬೇಕು ಎಂದು ಗಣಿತ ಹೇಳುತ್ತದೆ. ಮುಷ್ಟಿಯುದ್ಧ ಗಣಿತವಲ್ಲ. ಸದಾ ಮುನ್ನುಗ್ಗಿ ಬರುವ ಫ್ರೇಜಿಯರ್ ಫೋರ್ಮನ್ನನ ಗುದ್ದಿಗೆ ತಾನಾಗಿಯೇ ಸಿಕ್ಕಿಬಿದ್ದ. ಅದೇ ಮುನ್ನುಗ್ಗುವ ಗುಣ ಅಲಿಗೆ ಮಾತ್ರ ಕಂಟಕವಾಗಿತ್ತು. ಒಬ್ಬನ ಶೈಲಿ ಇನ್ನೊಬ್ಬನ ಶೈಲಿಯನ್ನು ತಾಗಿದಾಗ ಹುಟ್ಟುವುದೇ ಫಲಿತಾಂಶ.

ಸೋತ ಫೋರ್ಮನ್ನನ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 1977ರಲ್ಲಿ ಆಟ ಬಿಟ್ಟು ಧರ್ಮಬೋಧಕನಾದ ಆತ ಹತ್ತು ವರ್ಷಗಳ ಮೇಲೆ ಮರಳಿದ. 1994ರ ನವೆಂಬರ್ 5ರಂದು, ನಲವತ್ತೈದರ ವಯಸ್ಸಿನಲ್ಲಿ, ಸೋಲನ್ನೇ ಅರಿಯದ ಮೈಕೆಲ್ ಮೂರರ್‌ನನ್ನು ಎದುರಿಸಿದ. ಒಂಬತ್ತು ಸುತ್ತು ಅಂಕಗಳಲ್ಲಿ ಹಿಂದೆ ಬಿದ್ದು, ಹತ್ತನೆಯದರಲ್ಲಿ ಒಂದು ಬಲಗೈ ಗುದ್ದಿನಿಂದ ಮತ್ತೆ ವಿಶ್ವವಿಜೇತನಾದ. ಅಂದು ಆತ ತೊಟ್ಟಿದ್ದು ಕಿನ್ಷಾಸಾದಲ್ಲಿ ಸೋತಾಗ ತೊಟ್ಟಿದ್ದ ಚಡ್ಡಿಯನ್ನೇ. ಅವನ ಮೂಲೆಯಲ್ಲಿ ನಿಂತಿದ್ದವನು ಅಂದು ಅಲಿಯ ಮೂಲೆಯಲ್ಲಿದ್ದ ಏಂಜೆಲೊ ಡಂಡಿ. ಮೂರರ್ ಫ್ರೇಜಿಯರನಷ್ಟು ದೊಡ್ಡ ಜಟ್ಟಿಯಲ್ಲ, ನಿಜ. ಎದುರಾಳಿಯನ್ನೇ ನೋಡಿದರೆ 1973ರಲ್ಲಿ ಫ್ರೇಜಿಯರನನ್ನು ಆರು ಬಾರಿ ಕೆಡವಿದ ಗೆಲುವು ಹಿರಿದು. ಆದರೆ ಫೋರ್ಮನ್ ಎರಡನೆಯ ಸಲ ಗೆದ್ದದ್ದು ಇಪ್ಪತ್ತು ವರ್ಷಗಳ ಹಿಂದಿನ ತನ್ನನ್ನೇ. ನನ್ನ ಓಟು ಅದಕ್ಕೆ.

ಫ್ರೇಜಿಯರನ ಶ್ರೇಷ್ಠ ವಿಜಯ 1971ರ ಮಾರ್ಚ್ 8ರದು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಅದುವರೆಗೆ ಸೋಲು ಕಾಣದಿದ್ದ ಅಲಿಯನ್ನು ಹದಿನೈದನೆಯ ಸುತ್ತಿನಲ್ಲಿ ಎಡಗೈಯ ಹೊಡೆತದಿಂದ ನೆಲಕ್ಕೆ ಕೆಡವಿ, ಮೂವರು ತೀರ್ಪುಗಾರರ ಮತವನ್ನೂ ಪಡೆದ. ಈ ಬಗ್ಗೆ ಅಣ್ಣನಿಗೂ ನನಗೂ ಭಿನ್ನಾಭಿಪ್ರಾಯವಿರಲಿಲ್ಲ.

ಭಿನ್ನಾಭಿಪ್ರಾಯವಿದ್ದದ್ದು ಮನಿಲಾದ ಬಗ್ಗೆ. 1975ರ ಅಕ್ಟೋಬರ್ 1ರಂದು ಅಲಿ, ಫ್ರೇಜಿಯರ್ ಮೂರನೆಯ ಬಾರಿ ಎದುರಾದರು. ಮಧ್ಯದ ಸುತ್ತುಗಳಲ್ಲಿ ಫ್ರೇಜಿಯರನ ಕೈ ಮೇಲಾಗಿತ್ತು. ಕೊನೆಯ ಸುತ್ತುಗಳಲ್ಲಿ ಅಲಿ ಮತ್ತೆ ಎದ್ದ. ಹದಿನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಫ್ರೇಜಿಯರನ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ಸುತ್ತು ಆಡುವೆನೆಂದು ಆತ ಹಟ ಹಿಡಿದರೂ ಶಿಕ್ಷಕ ಎಡ್ಡಿ ಫಚ್ ಕಳುಹಿಸಲೊಲ್ಲದೆ ಪಂದ್ಯವನ್ನು ನಿಲ್ಲಿಸಿದ. ಅಲಿಯೂ ನಿಲ್ಲಲಾರದ ಸ್ಥಿತಿಯಲ್ಲಿದ್ದ. ಸಾವಿಗೆ ಅಷ್ಟು ಹತ್ತಿರ ತಾನೆಂದೂ ಹೋಗಿರಲಿಲ್ಲವೆಂದು ಆಮೇಲೆ ಹೇಳಿಕೊಂಡ. ಇದಕ್ಕಿಂತ ದೊಡ್ಡ ಗೆಲುವಿಲ್ಲವೆಂದು ನಾನು ವಾದಿಸುತ್ತಿದ್ದೆ. ಎದುರಾಳಿ ಸಮಬಲನಾಗಿದ್ದ, ಅಲಿ ತೆತ್ತ ಬೆಲೆ ದೊಡ್ಡದಾಗಿತ್ತು, ಅವನ ಮನೋಬಲ ಅದ್ಭುತವಾಗಿತ್ತು; ಇನ್ನೇನು ಬೇಕು ಎಂಬುದು ನನ್ನ ಪ್ರಶ್ನೆ. ಹದಿಹರೆಯದವನಿಗೆ ಯಾತನೆಯೇ ಹಿರಿಮೆಯಾಗಿ ಕಾಣುತ್ತದೆ.

1996ರ ಜುಲೈನಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿಯನ್ನು ಬೆಳಗಿಸಲು ಅಲಿ ಬಂದು ನಿಂತ. ಆ ಹೊತ್ತಿಗೆ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಗಿ ಹನ್ನೆರಡು ವರ್ಷಗಳಾಗಿದ್ದವು. ಚಿಟ್ಟೆಯಂತೆ ಹಗುರವಾಗಿ ಹಾರಾಡಿದ ಆ ಮೈ ಬಿಗಿದು ನಿಂತಿತ್ತು. ಎಡಗೈ ಒಂದೇ ಸಮನೆ ನಡುಗುತ್ತಿತ್ತು. ಅಣ್ಣನ ಮನೆಯ ಟಿ.ವಿ.ಯ ಮುಂದೆ ನಾವಿಬ್ಬರೂ ಕುಳಿತಿದ್ದೆವು. ಆತ ಏನೂ ಹೇಳಲಿಲ್ಲ. ನಾನೂ ಮಾತೆತ್ತಲಿಲ್ಲ. ಆ ಕಾಯಿಲೆಗೆ ಕಣದ ಪೆಟ್ಟುಗಳೇ ಕಾರಣವೆಂದು ಖಚಿತವಾಗಿ ಹೇಳಲು ನಾನು ವೈದ್ಯನಲ್ಲ. ಆದರೆ ಮನಿಲಾವನ್ನು ಅತ್ಯುತ್ತಮವೆಂದು ಮತ್ತೆಂದೂ ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಆ ಪಂದ್ಯ ಅಲಿಯ ಸಾಹಸಕ್ಕೆ ಸಾಕ್ಷಿ, ಅದರಲ್ಲಿ ಸಂದೇಹವಿಲ್ಲ. ಆದರೆ ಗೆಲುವಿಗೆ ನಾಲ್ಕನೆಯ ಒರೆಗಲ್ಲೊಂದು ಇದೆಯೆಂದು ಈಗ ನನಗನ್ನಿಸುತ್ತದೆ. ಕಣದಿಂದ ಇಳಿದ ಮೇಲೆ ಗೆದ್ದವನ ಬಳಿ ಉಳಿದದ್ದೇನು ಎಂಬುದೇ ಅದು. ಪಂದ್ಯಕ್ಕೆ ಮೊದಲು ಅಲಿ ಫ್ರೇಜಿಯರನನ್ನು ಗೊರಿಲ್ಲಾ ಎಂದು ಹಂಗಿಸಿದ್ದ. ಆ ಗಾಯ ಫ್ರೇಜಿಯರನನ್ನು ದಶಕಗಳ ಕಾಲ ಕಾಡಿತು. 2001ರಲ್ಲಿ ಅಲಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಕಿನ್ಷಾಸಾದಲ್ಲಿ ಹಾಗಾಗಲಿಲ್ಲ. ಅಲ್ಲಿ ಸೋತ ಫೋರ್ಮನ್ ಮುಂದೆ ಅಲಿಯ ಆಪ್ತಮಿತ್ರನಾದ. ಅಣ್ಣ ಹೇಳಿದ್ದೇ ಸರಿ. ಅದನ್ನು ಒಪ್ಪಿಕೊಳ್ಳಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

ಮನಿಲಾದ ಆ ದಿನ ಒಬ್ಬನು ಮಾತ್ರ ನಿಷ್ಕಳಂಕವಾಗಿ ಗೆದ್ದನೆಂದು ಹೇಳಬಹುದು. ಗುದ್ದಾಡಿದ ಇಬ್ಬರಲ್ಲಿ ಯಾರೂ ಅಲ್ಲ, ಸೋತವನ ಮೂಲೆಯಲ್ಲಿದ್ದ ಎಡ್ಡಿ ಫಚ್. ಉಳಿದದ್ದು ಮೂರೇ ನಿಮಿಷ. ಪಟ್ಟ ಕೈಗೆಟುಕುವಷ್ಟು ಹತ್ತಿರವಿತ್ತು. ಆದರೂ ತನ್ನ ಶಿಷ್ಯನ ಜೀವ ಅದಕ್ಕಿಂತ ದೊಡ್ಡದೆಂದು ಬಗೆದ. ದಾಖಲೆಯ ಪುಸ್ತಕದಲ್ಲಿ ಅದು ಸೋಲೆಂದೇ ಬರೆಯಲ್ಪಟ್ಟಿದೆ.