ಹೊಂಗೆಯ ಕೆಳಗಿನ ಕೂಲಿ ಅಡ್ಡೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಈ ಕೂಡುರಸ್ತೆಯಲ್ಲಿ ಬೆಳಕು ಹರಿಯುವ ಮುನ್ನವೇ ಮಡಿವಾಳ ಹಕ್ಕಿಯ ಸಿಳ್ಳೆ ಶುರುವಾಗುತ್ತದೆ. ಅದು ಸುಮ್ಮನಾಗುವ ಹೊತ್ತಿಗೆ ಹೊಂಗೆ ಮರಗಳ ಕೆಳಗೆ ಜನ ಸೇರಿರುತ್ತಾರೆ. ದೂರದಿಂದ ಒಂದೇ ಗುಂಪಾಗಿ ಕಂಡರೂ ಒಳಗೆ ಜಾಗದ ಕಟ್ಟುನಿಟ್ಟಿದೆ. ಬಣ್ಣ ಬಳಿಯುವವರು ಬಸ್ ನಿಲ್ದಾಣದ ಪಕ್ಕ. ಚೀಲದಲ್ಲಿ ಕರಣೆ, ತೂಗುಗುಂಡು ಇಟ್ಟುಕೊಂಡ ಗಾರೆ ಮೇಸ್ತ್ರಿಗಳು ಟೀ ಅಂಗಡಿಯ ಮುಂದೆ. ಬರಿಗೈಯ ಹೆಲ್ಪರ್‌ಗಳು ರಸ್ತೆಯಂಚಿಗೆ. ಹೆಂಗಸರು ಎಲ್ಲರಿಗಿಂತ ಹಿಂದೆ, ಮರದ ಬುಡದಲ್ಲಿ. ಗಾಡಿ ನಿಂತರೆ ಮೊದಲು ಓಡುವವರು ಬರಿಗೈಯವರು. ಮೇಸ್ತ್ರಿಗಳು ಕದಲುವುದಿಲ್ಲ, ಗುತ್ತಿಗೆದಾರನೇ ಇಳಿದು ಅವರ ಹತ್ತಿರ ಬರುತ್ತಾನೆ. ಮೇಸ್ತ್ರಿಗೆ ದಿನಕ್ಕೆ ಸಾವಿರದ ಮೇಲೆ ಮಾತು, ಹೆಲ್ಪರ್‌ಗೆ ಮುನ್ನೂರು ನಾನೂರು ಕಡಿಮೆ.

ಅಡ್ಡೆಗೂ ಋತುಗಳಿವೆ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಜನ ತೆಳುವಾಗುತ್ತಾರೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು ತೊಗರಿ ಬಿತ್ತಲು ಊರಿಗೆ ಹೋಗಿರುತ್ತಾರೆ. ಎಳ್ಳಮಾವಾಸ್ಯೆ ಮುಗಿದು, ತೊಗರಿ ರಾಶಿ ಆದ ಮೇಲೆ ಮತ್ತೆ ಗುಳೆ. ಏಪ್ರಿಲ್‌ನಲ್ಲಿ ಹೊಂಗೆಯ ಹೂ ಉದುರುವ ಕಾಲಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮಾತ್ರ ಗಣೇಶನ ಹಬ್ಬ ಕಳೆಯುತ್ತಲೇ ಹೊಸ ಮುಖಗಳು ಬರುತ್ತವೆ.

ಆ ಹೊಸ ಮುಖಗಳನ್ನೇ ನಾನು ಹೆಚ್ಚು ಗಮನಿಸುವುದು. ಬಹುಪಾಲು ಹುಡುಗರು ಶಾಲೆ ಕಂಡವರು. ಎಸ್ಸೆಸ್ಸೆಲ್ಸಿ, ಪಿಯುಸಿ, ನಡುವೆ ಒಬ್ಬ ಬಿ.ಎ. ಮುಗಿಸಿದವನು. ಅವನೂ ರಸ್ತೆಯಂಚಿಗೇ ನಿಲ್ಲುತ್ತಾನೆ. “ಸಾಲಿ ಎಷ್ಟ್ ಕಲ್ತಿ ಅಂತ ಇಲ್ಲಿ ಯಾರೂ ಕೇಳಂಗಿಲ್ರಿ ಸರ. ಕೈ ನೋಡ್ತಾರ,” ಎಂದ.

ಕೈ ನೋಡುವುದು ನಿಜ. ಪಕ್ಕದಲ್ಲಿದ್ದ ಹಿರಿಯ ಮೇಸ್ತ್ರಿಯೊಬ್ಬರು ನನಗೂ ತೋರಿಸಿದರು. ಕರಣೆಯ ಹಿಡಿ ಕೂರುವ ಕಡೆ, ಹೆಬ್ಬೆರಳ ಬುಡದಲ್ಲಿ, ಚರ್ಮ ಹಳದಿಗಟ್ಟಿ ದಪ್ಪವಾಗಿದೆ. ಉಗುರಿನ ಸುತ್ತ ಸೀಳು, ಸೀಳಿನೊಳಗೆ ಬೂದು ಬಣ್ಣ. ಒದ್ದೆ ಸಿಮೆಂಟಿನ ಕ್ಷಾರ ತಿಂದು ಬೆರಳ ತುದಿಯ ಗೆರೆಗಳು ನುಣ್ಣಗಾಗಿವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಇವರ ಹೆಬ್ಬೆಟ್ಟನ್ನು ಸುಲಭಕ್ಕೆ ಒಪ್ಪುವುದಿಲ್ಲವಂತೆ. ಗುತ್ತಿಗೆದಾರ ಬೆಲೆ ಕಟ್ಟುವ ಕೈಯನ್ನೇ ಸರ್ಕಾರದ ಯಂತ್ರ ಗುರುತಿಸದೆ ಹೋಗುತ್ತದೆ.

ಅರ್ಥಶಾಸ್ತ್ರಜ್ಞ ಜೇಕಬ್ ಮಿನ್ಸರ್ 1974ರ ತನ್ನ ಪುಸ್ತಕದಲ್ಲಿ ಓದಿದ ವರ್ಷಗಳನ್ನೂ ದುಡಿದ ವರ್ಷಗಳನ್ನೂ ಒಟ್ಟಿಗಿಟ್ಟು ಗಳಿಕೆಯ ಲೆಕ್ಕ ಹಾಕಿದ. ಓದಿನೊಂದಿಗೆ ಗಳಿಕೆ ಏರುತ್ತದೆ. ಅನುಭವದೊಂದಿಗೂ ಏರುತ್ತದೆ, ಆದರೆ ಬರಬರುತ್ತಾ ಆ ಏರಿಕೆ ತಗ್ಗುತ್ತದೆ. ಅಡ್ಡೆಯಲ್ಲಿ ಕಾಣುವುದು ಇದರ ಬೇರೆಯೇ ರೂಪ. ಓದಿನಿಂದ ಕೂಲಿ ಏರಿದ್ದನ್ನು ನಾನಿಲ್ಲಿ ಕಂಡಿಲ್ಲ. ಅನುಭವದ ಏರು ಕಡಿದಾಗಿದೆ, ಇಳಿಜಾರೂ ಬೇಗ ಬರುತ್ತದೆ. ಬೆಳಗಿನ ಎಂಟೂವರೆಯ ನಂತರವೂ ಕೆಲಸ ಸಿಗದೆ ಉಳಿದವರಲ್ಲಿ ನರೆತ ತಲೆಗಳೇ ಜಾಸ್ತಿ.

ಹಾಗೆಂದು ಓದು ದಂಡವಾಯಿತು ಎನ್ನಲು ನನಗೆ ಮನಸ್ಸಿಲ್ಲ. ಆ ಬಿ.ಎ. ಹುಡುಗ ಮೊಬೈಲಿನಲ್ಲಿ ದಿನದಿನದ ಹಾಜರಿ, ಓಟಿ, ಪಡೆದ ಮುಂಗಡ ಎಲ್ಲ ಬರೆದಿಡುತ್ತಾನೆ, ಜೊತೆಯ ನಾಲ್ಕೈದು ಜನರದ್ದನ್ನೂ ಸೇರಿಸಿ. ಶನಿವಾರದ ಬಟವಾಡೆಯಲ್ಲಿ ಅವನ ಗುಂಪಿನವರ ಅರ್ಧ ದಿನವನ್ನು ನುಂಗಲು ಯಾರಿಗೂ ಆಗುವುದಿಲ್ಲ. ಕಂಬಿಯ ಅಳತೆಪಟ್ಟಿ ಓದಬಲ್ಲವನಾದ್ದರಿಂದ ಬಾರ್ ಬೆಂಡಿಂಗ್ ಕಲಿಯಲೂ ಬೇಗ ಕೂರಿಸಿಕೊಂಡಿದ್ದಾರೆ. ಓದು ಅವನ ಕೂಲಿಯನ್ನು ಹೆಚ್ಚಿಸಿಲ್ಲ, ದುಡಿದದ್ದು ಕೈತಪ್ಪದಂತೆ ಕಾಯುತ್ತಿದೆ.

ಅನುಭವಕ್ಕೆ ಅಂಥ ಕಾವಲಿಲ್ಲ. ಹತ್ತು ವರ್ಷ ಗೋಡೆ ಕಟ್ಟಿದವರು ಬೇರೆ ಬಡಾವಣೆಗೆ ಹೋದರೆ ಮೊದಲ ದಿನ ಮತ್ತೆ ಪರೀಕ್ಷೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯ್ದೆ ಬಂತು, 2007ರಲ್ಲಿ ಕರ್ನಾಟಕದ ಕಲ್ಯಾಣ ಮಂಡಳಿ ಬಂತು. ಕಟ್ಟಡದ ವೆಚ್ಚದ ಮೇಲೆ ಶೇ 1ರ ಸೆಸ್ ಅದಕ್ಕೆ ಸೇರುತ್ತದೆ; ಮಕ್ಕಳ ಓದಿಗೆ, ಹೆರಿಗೆಗೆ, ಪಿಂಚಣಿಗೆ ನೆರವು ಅಲ್ಲಿಂದಲೇ. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಅಡ್ಡೆಯವರಿಗೆ ದಿನಕ್ಕೊಬ್ಬ ಮಾಲೀಕ. ಯಾರ ಸಹಿ ತರುವುದು? ಸಂಘದವರನ್ನೋ ಕಾರ್ಮಿಕ ನಿರೀಕ್ಷಕರನ್ನೋ ಹುಡುಕಿ ಹೊರಟರೆ ಆ ದಿನದ ಕೂಲಿ ಹೋಯಿತು.

ಮರದ ಬುಡದಲ್ಲಿ ಕೂರುವ ಯಾದಗಿರಿ ಕಡೆಯ ಅಕ್ಕ ಒಬ್ಬರು ಮದುವೆಯಾದ ವರ್ಷದಿಂದ ಬಾಂಡ್ಲಿ ಹೊರುತ್ತಿದ್ದಾರೆ. ಈಗ ಅವರಿಗೆ ಮೊಮ್ಮಗ. ಗಾರೆಗೆ ನೀರು ಹೆಚ್ಚಾಯಿತೇ ಎಂದು ಸಲಿಕೆಯಿಂದ ಜಾರುವ ಬಗೆ ನೋಡಿಯೇ ಹೇಳುತ್ತಾರೆ, ಮೇಸ್ತ್ರಿಗಳೂ ಅವರನ್ನೇ ಕೇಳುತ್ತಾರೆ. ಅವರ ಕಣ್ಣೆದುರು ಎಷ್ಟೋ ಹುಡುಗರು ಎರಡು ಮೂರು ವರ್ಷಕ್ಕೆ ಕರಣೆ ಹಿಡಿದು ಟೀ ಅಂಗಡಿಯ ಮುಂದೆ ಹೋಗಿ ನಿಂತರು. ಸಮಾನ ಕೆಲಸಕ್ಕೆ ಸಮಾನ ವೇತನದ ಕಾನೂನು 1976ರಷ್ಟು ಹಿಂದೆಯೇ ಆಗಿದೆ. ಹೆಂಗಸಿನ ಕೈಗೆ ಕರಣೆಯನ್ನೇ ಕೊಡದಿದ್ದರೆ ಸಮಾನ ಕೆಲಸ ಎಂಬ ಮಾತೇ ಹುಟ್ಟುವುದಿಲ್ಲ. ನನಗೆ ಇಲ್ಲಿ ಅತಿ ಹೆಚ್ಚು ಸಂಕಟವಾಗುವುದು ಇದನ್ನು ನೋಡಿ.

ಮೊನ್ನೆ ಅವರು ಒಂದು ದಿನದ ಕೂಲಿ ಬಿಟ್ಟು, ಬಿ.ಎ. ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಿ ನೋಂದಣಿಯ ಅರ್ಜಿ ಕೊಟ್ಟು ಬಂದಿದ್ದಾರೆ. ಅರ್ಜಿ ತುಂಬಿದವನು ಅವನೇ. ಕೆಲಸ ಯಾವುದು ಎಂಬಲ್ಲಿ ಹೆಲ್ಪರ್ ಎಂದು ಬರೆಸಿದ್ದಾರೆ.