ಚರ್ಚ್ ಕಾಯಿದೆ (ನ್ಯೂ ಸೌತ್ ವೇಲ್ಸ್, 1836)

ಚರ್ಚ್ ಕಾಯಿದೆಯು ಬ್ರಿಟಿಷ್ ವಸಾಹತಾಗಿದ್ದ, ಇಂದು ಆಸ್ಟ್ರೇಲಿಯಾದ ರಾಜ್ಯವಾಗಿರುವ ನ್ಯೂ ಸೌತ್ ವೇಲ್ಸ್‌ನಲ್ಲಿ 1836ರಲ್ಲಿ ಅಂಗೀಕೃತವಾದ ಶಾಸನ. ಚರ್ಚುಗಳ ನಿರ್ಮಾಣಕ್ಕೂ ಪಾದ್ರಿಗಳ ವೇತನಕ್ಕೂ ಸರ್ಕಾರದ ಬೊಕ್ಕಸದಿಂದ ನೆರವು ನೀಡುವ ಕ್ರಮವನ್ನು ಇದು ನಿಗದಿಪಡಿಸಿತು. ಗವರ್ನರ್ ರಿಚರ್ಡ್ ಬರ್ಕ್ ಇದರ ಪ್ರವರ್ತಕರು. ಆಂಗ್ಲಿಕನ್ ಚರ್ಚಿಗಿದ್ದ ವಿಶೇಷ ಸ್ಥಾನವನ್ನು ಇದು ಕೊನೆಗೊಳಿಸಿತು.

ಹಿನ್ನೆಲೆ

1788ರಲ್ಲಿ ಕೈದಿಗಳ ನೆಲೆಯಾಗಿ ಆರಂಭವಾದ ಈ ವಸಾಹತಿನ ಮೊದಲ ಪಾದ್ರಿ ರಿಚರ್ಡ್ ಜಾನ್ಸನ್ ಸರ್ಕಾರದಿಂದ ನೇಮಕಗೊಂಡವರು. ಆದರೂ 1793ರಲ್ಲಿ ಸಿಡ್ನಿಯ ಮೊದಲ ಚರ್ಚನ್ನು ಅವರು ಸ್ವಂತ ಹಣದಿಂದಲೇ ಕಟ್ಟಿಸಬೇಕಾಯಿತು. ಆ ವೆಚ್ಚವನ್ನು ಸರ್ಕಾರ ತಡವಾಗಿ ಮರಳಿಸಿತು. ಕೈದಿಗಳಲ್ಲಿ ಐರ್ಲೆಂಡಿನ ಕ್ಯಾಥೊಲಿಕರು ಬಹುಸಂಖ್ಯೆಯಲ್ಲಿದ್ದರೂ ಸರ್ಕಾರಿ ವೇತನ ಪಡೆಯುವ ಕ್ಯಾಥೊಲಿಕ್ ಪಾದ್ರಿಗಳು ಸ್ಥಿರವಾಗಿ ನೆಲೆಸಿದ್ದು 1820ರಿಂದ ಮಾತ್ರ. 1826ರಲ್ಲಿ ರಚಿತವಾದ ಚರ್ಚ್ ಮತ್ತು ಶಾಲಾ ನಿಗಮಕ್ಕೆ ವಸಾಹತಿನ ಭೂಮಿಯ ಏಳನೆಯ ಒಂದು ಭಾಗವನ್ನು ಮೀಸಲಿಡುವ ಯೋಜನೆಯಿತ್ತು. ಇದರ ಪ್ರಯೋಜನ ಆಂಗ್ಲಿಕನ್ ಚರ್ಚಿಗಷ್ಟೇ ಸೀಮಿತವಾಗಿದ್ದು, ಇತರ ಪಂಗಡಗಳ ಅಸಮಾಧಾನಕ್ಕೆ ಕಾರಣವಾಯಿತು. 1833ರಲ್ಲಿ ನಿಗಮವನ್ನು ವಿಸರ್ಜಿಸಲಾಯಿತು.

ನಿಬಂಧನೆಗಳು

ಜನರು ಕನಿಷ್ಠ 300 ಪೌಂಡ್ ಸಂಗ್ರಹಿಸಿದರೆ ಸರ್ಕಾರವೂ ಅಷ್ಟೇ ಮೊತ್ತವನ್ನು ಸೇರಿಸುತ್ತಿತ್ತು. ಇದರ ಗರಿಷ್ಠ ಮಿತಿ 1,000 ಪೌಂಡ್. ಆರಾಧನೆಗೆ ಹಾಜರಾಗುವ ಇಚ್ಛೆಯನ್ನು ಘೋಷಿಸಿ ಸಹಿ ಮಾಡಿದ ವಯಸ್ಕರ ಸಂಖ್ಯೆಯನ್ನು ಆಧರಿಸಿ ಪಾದ್ರಿಯ ವಾರ್ಷಿಕ ವೇತನ ನಿರ್ಧಾರವಾಗುತ್ತಿತ್ತು: 100 ಮಂದಿಗೆ 100 ಪೌಂಡ್, 200 ಮಂದಿಗೆ 150 ಪೌಂಡ್, 500 ಮಂದಿಗೆ 200 ಪೌಂಡ್. ಆಂಗ್ಲಿಕನ್, ರೋಮನ್ ಕ್ಯಾಥೊಲಿಕ್ ಮತ್ತು ಪ್ರೆಸ್ಬಿಟೇರಿಯನ್ ಪಂಗಡಗಳು ಆರಂಭದಲ್ಲಿ ಇದರ ಪ್ರಮುಖ ಫಲಾನುಭವಿಗಳಾದವು. ಅನಂತರ ಮೆಥಡಿಸ್ಟರಿಗೂ ನೆರವು ದೊರೆಯಿತು.

ವಿರೋಧ ಮತ್ತು ರದ್ದತಿ

ಆಂಗ್ಲಿಕನ್ ಬಿಷಪ್ ವಿಲಿಯಂ ಬ್ರೌಟನ್ ಎಲ್ಲ ಪಂಗಡಗಳನ್ನು ಸಮಾನವಾಗಿ ಕಾಣುವುದನ್ನು ವಿರೋಧಿಸಿದರು. ಬ್ಯಾಪ್ಟಿಸ್ಟರು ಹಾಗೂ ಕಾಂಗ್ರಿಗೇಷನಲ್ ಪಂಗಡದವರ ಆಕ್ಷೇಪ ಬೇರೆಯದು: ಧರ್ಮವು ಭಕ್ತರ ಸ್ವಇಚ್ಛೆಯ ದೇಣಿಗೆಯಿಂದಲೇ ನಡೆಯಬೇಕೆಂಬುದು ಅವರ ನಿಲುವು. ಮೊದಲು ಸರ್ಕಾರಿ ನೆರವು ಪಡೆದಿದ್ದ ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ಡನ್‌ಮೋರ್ ಲ್ಯಾಂಗ್ ಸಹ ಮುಂದೆ ಇದೇ ನಿಲುವಿಗೆ ಬಂದರು. ಒಂದೇ ಪಂಗಡವನ್ನು ಪೋಷಿಸುವ ಪದ್ಧತಿ ಮುಗಿದಿದ್ದರಿಂದ, ಯಾವುದೇ ಪಂಗಡವನ್ನು ಸರ್ಕಾರ ಏಕೆ ಪೋಷಿಸಬೇಕೆಂಬುದೇ ಚರ್ಚೆಯ ಮುಖ್ಯ ವಿಷಯವಾಯಿತು.

ನೆರೆಯ ದಕ್ಷಿಣ ಆಸ್ಟ್ರೇಲಿಯಾ ಇಂತಹ ನೆರವನ್ನು 1851ರಲ್ಲಿಯೇ ನಿಲ್ಲಿಸಿತು. ನ್ಯೂ ಸೌತ್ ವೇಲ್ಸ್ 1862ರಲ್ಲಿ ರದ್ದುಪಡಿಸಿತಾದರೂ, ಆಗಲೇ ವೇತನ ಪಡೆಯುತ್ತಿದ್ದ ಪಾದ್ರಿಗಳಿಗೆ ಅದನ್ನು ಮುಂದುವರಿಸಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಈ ಪದ್ಧತಿ 1895ರವರೆಗೆ ಉಳಿದಿತ್ತು. 1901ರಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಸಂವಿಧಾನದ 116ನೆಯ ವಿಧಿಯು ಯಾವುದೇ ಧರ್ಮವನ್ನು ಅಧಿಕೃತವಾಗಿ ಸ್ಥಾಪಿಸುವ ಕಾನೂನನ್ನು ಒಕ್ಕೂಟ ಸಂಸತ್ತು ರಚಿಸದಂತೆ ನಿರ್ಬಂಧಿಸುತ್ತದೆ.