ದಾರಿ ಕೇಳಿದವನೇ ದಾರಿ ತೋರಿದಾಗ

ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಬಯಲುಸೀಮೆಯಿಂದ ಬಂದು ಮೂಡುಬಿದಿರೆಯಲ್ಲಿ ನೆಲೆಸಿದವರು ಇಂದು ಅನೇಕರಿದ್ದಾರೆ. ತುಳುವಿನ ಈ ಸೀಮೆ ಮೊದಮೊದಲು ಅವರಿಗೆ ಪರದೇಶವೇ ಸರಿ. ಅಂಥವನ ಮನೆಗೆ ಹುಟ್ಟೂರಿನ ಗೆಳೆಯರು ಬಂದಿಳಿದರೆಂದರೆ ಪರೀಕ್ಷೆಯೊಂದು ಎದುರಾಯಿತೆಂದೇ ಅರ್ಥ. ನಿನ್ನೆಯವರೆಗೆ ದಾರಿ ಕೇಳುತ್ತಿದ್ದವನೇ ಇಂದು ದಾರಿ ತೋರಿಸಬೇಕು!

ಮೊದಲು ಸಾವಿರ ಕಂಬದ ಬಸದಿ. 1430ರಲ್ಲಿ ಕಟ್ಟಿದ ಈ ಬಸದಿಯ ಕಂಬಗಳನ್ನು ಎಣಿಸಹೊರಟು ಅತಿಥಿಗಳು ಸೋಲುವುದುಂಟು. ಜಾಣನಾದ ಆತಿಥೇಯನು ಅವರನ್ನು ಭೈರಾದೇವಿ ಮಂಟಪದ ಜಗತಿಯ ಬಳಿಗೆ ಕರೆದೊಯ್ಯುತ್ತಾನೆ. ಅಲ್ಲಿನ ಕೆತ್ತನೆಯಲ್ಲಿ ಆಫ್ರಿಕದ ಜಿರಾಫೆಯುಂಟು, ಚೀನೀಯರ ಡ್ರ್ಯಾಗನ್ ಉಂಟು. ಕಡಲಾಚೆಯ ನಂಟು ಈ ಊರಿಗೆ ಹೊಸತಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮುಂದೆ ಬೆಳ್ತಂಗಡಿ ತಾಲ್ಲೂಕಿನ ವೇಣೂರು. ಫಲ್ಗುಣಿಯ ತೀರದಲ್ಲಿ, ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ, ಸುಮಾರು 35 ಅಡಿ ಎತ್ತರದ ಗೊಮ್ಮಟ. ಬಿಸಿಲೇರಿದಾಗ ಆತಿಥೇಯನು ಅಂಗಡಿಯಲ್ಲಿ ಬೊಂಡ ಕೇಳುತ್ತಾನೆ. ಗೆಳೆಯರು ಕರಿದ ತಿಂಡಿಗಾಗಿ ಕಾಯುತ್ತಾರೆ. ಕೈಗೆ ಬರುವುದು ಎಳನೀರು! ತುಳುವಿನಲ್ಲಿ ಬೊಂಡವೆಂದರೆ ಅದೇ. ಹಿಂದೊಮ್ಮೆ ತಾನೂ ಹೀಗೆಯೇ ಬೆಪ್ಪಾದದ್ದನ್ನು ಅವನು ಹೇಳುವುದಿಲ್ಲ.

ಸಂಜೆಗೆ ಬಂಟ್ವಾಳ. 1874ರಲ್ಲಿ ಪಂಜೆ ಮಂಗೇಶರಾಯರು ಜನಿಸಿದ ಊರು. ನೇತ್ರಾವತಿಯ ದಡದಲ್ಲಿ ಅಷ್ಟು ಹೊತ್ತು ಕುಳಿತು, ಗೆಳೆಯರು ಬಸ್ಸು ಹತ್ತುತ್ತಾರೆ.

“ನಿಮ್ಮೂರು ಬಹಳ ಚೆನ್ನಾಗಿದೆ ಕಣಯ್ಯ!”

‘ನನ್ನೂರಲ್ಲ’ ಎಂದು ತಿದ್ದುವ ಮಾತು ನಾಲಗೆಯ ತುದಿಯವರೆಗೆ ಬಂದು ಅಲ್ಲಿಯೇ ನಿಲ್ಲುತ್ತದೆ.